ಮೂರು ಮೂಲೆಯ ಹೊಲ

ಎಂಬತ್ತರ ದಶಕದಲ್ಲಿ ನಾನು ರಾಯಬಾಗದ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಯಾವ ಎರಡು ಬದಿ ಕೂಡಿಸಿದರೂ ಮೂರನೆಯದಕ್ಕಿಂತ ಹೆಚ್ಚಾಗಬೇಕು, ಇಲ್ಲವಾದರೆ ತ್ರಿಕೋನ ಆಗದು. ಇಷ್ಟೇ ಪಾಠ. ಆದರೆ ಇದನ್ನು ಹೇಳಲು ಹೋದಾಗಲೆಲ್ಲ ನನಗೆ ಏನಾದರೊಂದು ಆಗಿಯೇ ಆಗುತ್ತಿತ್ತು. ಒಂದು ಸಲವಂತೂ ಲಗ್ನವೇ ತಪ್ಪುತ್ತಿತ್ತು.

೧. ಕಬ್ಬಿನ ಪಾಠ

ಬೋರ್ಡಿನ ಮೇಲೆ ಬರೆದದ್ದು ಮಕ್ಕಳ ತಲೆಗೆ ಹೋಗಲಿಲ್ಲ. ನಮ್ಮಲ್ಲಿ ಕಬ್ಬಿಗೇನು ಬರ? ಮೂರು ತುಂಡು ತರಿಸಿ ಮೇಜಿನ ಮೇಲಿಟ್ಟೆ. ಎರಡು ಗಿಡ್ಡ, ಒಂದು ಭಾರಿ ಉದ್ದ. ಗಿಡ್ಡ ತುಂಡುಗಳನ್ನು ಉದ್ದದ್ದರ ಎರಡು ತುದಿಗೆ ಹಚ್ಚಿ ಹೇಗೆ ತಿರುಗಿಸಿದರೂ ಒಂದಕ್ಕೊಂದು ಮುಟ್ಟಲಿಲ್ಲ.

"ನೋಡ್ರಿ, ತ್ರಿಕೋನ ಆಗತೈತೇನು?"

"ಆಗತೈತ್ರಿ ಸರ" ಅಂದಳು ಹಿಂದಿನ ಬೆಂಚಿನ ಹುಡುಗಿ.

"ಹೆಂಗವಾ?"

ಎದ್ದು ಬಂದು, ಉದ್ದ ತುಂಡಿನ ತುದಿ ಮುರಿದು ತಿಂದು, ಉಳಿದದ್ದನ್ನು ಮೊದಲಿನ ಜಾಗದಲ್ಲಿಟ್ಟಳು. ತ್ರಿಕೋನ ಕೂಡಿತು. ಶಹಬ್ಬಾಸ್ ಅಂದೆ, ಅದೇ ತಪ್ಪಾಯಿತು. ಗಂಟೆ ಬಾರಿಸುವಷ್ಟರಲ್ಲಿ ಇಡೀ ತರಗತಿ ತ್ರಿಕೋನ ತಿದ್ದಿ ತಿದ್ದಿ ಮೂರೂ ಬದಿ ಮುಗಿಸಿತ್ತು. ಮೇಜಿನ ಮೇಲೆ ಸಿಪ್ಪೆ ಉಳಿದಿತ್ತು.

೨. ಇಲ್ಲದ ಹೊಲ

ಒಂದು ಸಂತೆಯ ದಿನ ಹತ್ತಿರದ ಹಳ್ಳಿಯ ರೈತರೊಬ್ಬರು ನನ್ನನ್ನು ಹುಡುಕಿಕೊಂಡು ಶಾಲೆಗೆ ಬಂದರು. ಅವರ ಮೂರು ಮೂಲೆಯ ಹೊಲ ಎಷ್ಟು ಗುಂಟೆ ಆಗುತ್ತದೆಂದು ನಾನು ಹೇಳಬೇಕಿತ್ತು. ಬದಿಗೆ ಹಗ್ಗ ಹಿಡಿದು, ಆ ಹಗ್ಗವನ್ನು ಮಾರಿನ ಲೆಕ್ಕದಲ್ಲಿ, ಅಂದರೆ ಎರಡೂ ಕೈ ಚಾಚಿ ಅಳೆದಿದ್ದರಂತೆ.

"ಒಂದ ಬದಿ ನಲವತ್ತ ಮಾರು, ಇನ್ನೊಂದ ಐವತ್ತ, ಮೂರನೇದು ಬರೋಬರ ನೂರ."

ನನಗೆ ಗಣಿತದ ಸೊಕ್ಕು. "ಯಜಮಾನ್ರ, ಇಂಥಾ ಹೊಲಾ ಭೂಮಿ ಮ್ಯಾಲ ಇರಾಕ ಸಾಧ್ಯನ ಇಲ್ರಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹೌದ್ರಿ? ಹಂಗಾರ ಹ್ವಾದ ವರ್ಷ ನಾ ಗೋವಿನಜೋಳ ಬೆಳದಿದ್ದು ಯಾರ ತಲಿ ಮ್ಯಾಲ್ರಿ?"

೩. ಕನ್ಯೆ ನೋಡಲು ಹೋದದ್ದು

ಆ ಬೇಸಿಗೆಯಲ್ಲಿ ಅಕ್ಕೋಳದ ನನ್ನ ಸೋದರಮಾವ ಕನ್ಯೆ ತೋರಿಸಲು ಕರೆದುಕೊಂಡು ಹೋದ. ಅಥಣಿ, ಚಿಕ್ಕೋಡಿ ಕಡೆ ನೋಡಿದ ಸಂಬಂಧ ಒಂದೂ ಕೂಡಿರಲಿಲ್ಲ. ಹುಡುಗಿ ಅವಲಕ್ಕಿ ತಂದಿಟ್ಟು ಒಳಗೆ ಹೋದಳು. ಇವಳೇ ಆಗಬೇಕು ಅನ್ನಿಸಿತು. ಅಷ್ಟರಲ್ಲಿ ಅವಳ ಅಪ್ಪ ಹಿತ್ತಲಿಂದ ಬಂದರು. ಅದೇ ಹೊಲದ ಯಜಮಾನರು. ನನ್ನ ಬಾಯಲ್ಲಿದ್ದ ಅವಲಕ್ಕಿ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

"ಏನ್ರಿ ಮಾಸ್ತರ, ನನ್ನ ಹೊಲಾನ ಇಲ್ಲಂದಿದ್ರಿ. ಈಗ ಮಗಳರ ಅದಾಳೋ ಇಲ್ಲೋ, ಲೆಕ್ಕಾ ಹಾಕಿ ಹೇಳ್ರಿ."

ಸೋದರಮಾವ ಚಪ್ಪಲಿ ಹುಡುಕತೊಡಗಿದ. ಆಗ ಅಡುಗೆಮನೆಯ ಬಾಗಿಲಿಂದ ಹುಡುಗಿಯ ದನಿ ಬಂತು.

"ಅಪ್ಪಾ, ನೀ ಎರಡ ಬದಿ ಅಳದು ಕೈ ಸೋತು ಅಂತ ಕುಂತಿ. ಮೂರನೇದು ಅಳದಾಕಿ ನಾನ. ನನ್ನ ಕೈ ಗಿಡ್ಡ, ಅದಕ್ಕ ನೂರ ಬಂದೈತಿ."

ಯಜಮಾನರು ತಮ್ಮ ಕೈ ನೋಡಿಕೊಂಡರು, ಮಗಳ ಕೈ ನೋಡಿದರು, ಆಮೇಲೆ ಹೊಟ್ಟೆ ಹಿಡಿದು ನಕ್ಕರು. ಸಂಬಂಧ ಕೂಡಿತು. ಅವರದು ಒಂದೇ ಕರಾರು: ಲಗ್ನ ಅದೇ ಹೊಲದಲ್ಲಿ ಆಗಬೇಕು.

ಲಗ್ನದ ದಿನ ಹಂದರದ ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಕೈಮುಗಿದು ಹೇಳುತ್ತಿದ್ದರು: "ಬರ್ರಿ, ಕುಂದರ್ರಿ. ಅಳಿಯಂದಿರ ಲೆಕ್ಕದಾಗ ಈ ಹೊಲಾ ಇಲ್ರಿ. ಹುಗ್ಗಿ ಮಾತ್ರ ಐತಿ, ಉಂಡ ಹೋಗ್ರಿ."