ಮುನ್ನೂರ ನಾಲ್ಕನೇ ಕೊಠಡಿಯನ್ನು ಪೂರ್ವಾನುಮತಿ ಇಲ್ಲದೆ ತೊಳೆದ ಬಗ್ಗೆ

ಅತಿಥಿ ನಿಯಂತ್ರಣ ಮತ್ತು ಕೊಠಡಿ ಯಥಾಸ್ಥಿತಿ ವಿಭಾಗ
ಮಿತದರದ ಅಪಾರ್ಟ್‌ಮೆಂಟ್ ಹೋಟೆಲ್ (ಲಿಫ್ಟ್ ಕೆಟ್ಟಿರುವ ಕಟ್ಟಡ)

ಸುತ್ತೋಲೆ ಸಂಖ್ಯೆ: ಅ.ನಿ.ಯ./ಕೊಳೆ/೩೦೪/ತುರ್ತು
ದಿನಾಂಕ: ಕೊಠಡಿ ತೆರವಾಗಬೇಕಿದ್ದ ದಿನದ ಮರುದಿನ

ವಿಷಯ: ಮೂರನೇ ಮಹಡಿಯ ೩೦೪ನೇ ಕೊಠಡಿಯ ಕೊಳೆಯನ್ನು ಅತಿಥಿಯೊಬ್ಬರು ಅನಧಿಕೃತವಾಗಿ ತೆಗೆದುಹಾಕಿರುವುದು, ತತ್ಪರಿಣಾಮವಾಗಿ ಕಿಟಕಿಯೊಂದು ಪತ್ತೆಯಾಗಿರುವುದು ಹಾಗೂ ಯಥಾಸ್ಥಿತಿಯನ್ನು ಮರುಸ್ಥಾಪಿಸುವ ಕುರಿತು.

ಉಲ್ಲೇಖ:
(೧) ಪ್ರತಿ ಕೊಠಡಿಯ ಬಾಗಿಲ ಹಿಂದೆ ಅಂಟಿಸಿರುವ ‘ಇದು ನಿಮ್ಮದೇ ಮನೆ ಎಂದು ಭಾವಿಸಿ’ ಎಂಬ ಫಲಕ.
(೨) ಶುಚಿತ್ವ ಸಿಬ್ಬಂದಿಯ ಮೌಖಿಕ ದೂರು (ಅಳುತ್ತಾ ನೀಡಿದ್ದು).
(೩) ೩೦೪ರ ಅತಿಥಿಯ ಹೇಳಿಕೆ (ಕುರ್ಚಿಯಿಂದ ಏಳದೆ ನೀಡಿದ್ದು).

ಪ್ರಸ್ತಾವನೆ:

ಈ ಹೋಟೆಲ್ ಆರಂಭವಾದಂದಿನಿಂದ ಇದುವರೆಗೆ ಯಾವ ಅತಿಥಿಯೂ ಕೊಠಡಿಯನ್ನು ತಾನು ಪಡೆದುದಕ್ಕಿಂತ ಸ್ವಚ್ಛವಾಗಿ ಹಿಂದಿರುಗಿಸಿದ ನಿದರ್ಶನ ಇರುವುದಿಲ್ಲ. ಅತಿಥಿಗಳು ಬರುವುದು, ಮೂಗು ಮುರಿಯುವುದು, ತಮ್ಮ ಪಾಲಿನ ಕೊಳೆಯನ್ನೂ ಸೇರಿಸಿ ಹೊರಡುವುದು, ಹೀಗೆ ವ್ಯವಹಾರವು ಸುಸೂತ್ರವಾಗಿ ನಡೆದುಕೊಂಡು ಬಂದಿರುತ್ತದೆ. ಕಳೆದ ವಾರಾಂತ್ಯದಲ್ಲಿ ಈ ಪದ್ಧತಿಗೆ ಧಕ್ಕೆ ಉಂಟಾಗಿರುವುದನ್ನು ವಿಭಾಗವು ವಿಷಾದದಿಂದ ಗಮನಿಸಿದೆ.

ಸದರಿ ಅತಿಥಿಯವರನ್ನು ಈ ಸುತ್ತೋಲೆಯಲ್ಲಿ ‘ಅತ್ತಿಗೆ’ ಎಂದು ಉಲ್ಲೇಖಿಸಲಾಗಿದೆ. ಕೊಠಡಿ ಕಾದಿರಿಸಿದ ಮೈದುನನು ಅವರನ್ನು ಹಾಗೆ ಕರೆಯುತ್ತಾನೆ. ಗೋದಾಮಿನ ಮೇಲ್ವಿಚಾರಕರಾದ ಪತಿಯವರು ‘ಲೇ ಇವಳೇ’ ಎಂದಷ್ಟೇ ಕರೆಯುವುದರಿಂದ ದಾಖಲೆಗೆ ಅದು ಸಾಲುವುದಿಲ್ಲ.

ವಿಚಾರಣೆಯಿಂದ ತಿಳಿದುಬಂದಿರುವಂತೆ, ಮದುವೆಯಾದ ಮೇಲೆ ಅತ್ತಿಗೆಯವರು ಹೋದ ಊರಿಗೆಲ್ಲ ಕೆಲಸವೂ ಅವರ ಹಿಂದೆಯೇ ಹೋಗಿರುತ್ತದೆ. ನೆಂಟರ ಮದುವೆಗೆ ಹೋದರೆ ಅಡುಗೆಮನೆ, ಆಸ್ಪತ್ರೆಗೆ ಹೋದರೆ ಬಾಣಂತನ, ತವರಿಗೆ ಹೋದರೆ ಅಟ್ಟದ ಪಾತ್ರೆ. ಈ ಬಾರಿ ಪತಿಯವರು ನಾಲ್ಕು ಜನರೆದುರು ಎದೆಯುಬ್ಬಿಸಿ, ನಗರಕ್ಕೆ ಹೋಗೋಣ, ಮೂರು ದಿನ ನೀನು ಕೈ ಒದ್ದೆ ಮಾಡಿಕೊಳ್ಳಬೇಡ ಎಂದು ಮಾತು ಕೊಟ್ಟಿರುತ್ತಾರೆ. ಮೈದುನನು ಫೋನಿನಲ್ಲಿ ಈ ಹೋಟೆಲಿನ ಚಿತ್ರವೊಂದನ್ನು ತೋರಿಸಿರುತ್ತಾನೆ. ಅದರಲ್ಲಿ ದೊಡ್ಡ ಕಿಟಕಿ, ಕಿಟಕಿಯ ಪಕ್ಕ ಒಂದು ಕುರ್ಚಿ, ಕೆಳಗೆ ಇಡೀ ನಗರ. ಅತ್ತಿಗೆಯವರಿಗೆ ಬೇಕಾಗಿದ್ದುದು ಆ ಕುರ್ಚಿಯಷ್ಟೇ. ಅದರಲ್ಲಿ ಕೈಕಟ್ಟಿ ಕೂತು, ಯಾರಿಗೂ ಏನೂ ಬೇಡವಾಗಿರುವ ಮೂರು ದಿನ ಕಳೆಯಬೇಕೆಂದು ಅವರು ತಿಂಗಳಿಡೀ ಆಸೆ ಇಟ್ಟುಕೊಂಡಿದ್ದರು.

ಬಂದು ನೋಡಿದಾಗ ಕುರ್ಚಿ ಇತ್ತು. ಅದರ ಮೇಲೆ ಹಿಂದಿನ ಅತಿಥಿಗಳ ಒದ್ದೆ ಟವೆಲ್ ಇತ್ತು. ಕಿಟಕಿ ಇರಲಿಲ್ಲ. ಪತಿಯವರು ಕಾಲುಚೀಲ ಕಳಚದೆ ಮಂಚದ ಮೇಲೆ ಉರುಳಿ, ಚಾರ್ಜರ್ ಎಲ್ಲಿ ಎಂದು ಕೇಳಿದರು. ಅದು ಸಿಕ್ಕ ಮೇಲೆ ಟೀ ಕೇಳಿದರು. ಮೈದುನನು ಇಷ್ಟು ಅಗ್ಗದಲ್ಲಿ ಇಂಥ ಕೋಣೆ ಹುಡುಕಿದ್ದಕ್ಕೆ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡನು. ಟೀ ಕುಡಿದು ಇಬ್ಬರೂ ಎದ್ದು, ಊರು ನೋಡುವ ಹಾಗಿದೆಯೋ ಇಲ್ಲವೋ ಮೊದಲು ನಾವು ನೋಡಿಕೊಂಡು ಬರುತ್ತೇವೆ ಎಂದು ಹೊರಟುಹೋದರು. ಎರಡು ದಿನವೂ ನೋಡಿಕೊಂಡೇ ಬಂದರು.

ಟೀಗಾಗಿ ಅತ್ತಿಗೆಯವರು ಒಂದೇ ಒಂದು ಲೋಟ ತೊಳೆದದ್ದೇ ಈ ಪ್ರಕರಣದ ಮೂಲ. ತೊಳೆದ ಲೋಟವನ್ನು ಇಡಲು ಶುಚಿಯಾದ ಜಾಗ ಇರಲಿಲ್ಲ. ಜಾಗ ಒರೆಸಿದರು. ಒರೆಸಿದ ಜಾಗದ ಪಕ್ಕದ ಸಿಂಕು ಕಣ್ಣಿಗೆ ಬಿತ್ತು. ಆಗ ತಲೆಯೆತ್ತಿ ಉಲ್ಲೇಖ (೧)ರ ಫಲಕವನ್ನು ಓದಿದರು. ‘ನನ್ನ ಮನೆ ಹೀಗಿದ್ರೆ ನಾನು ಸುಮ್ನೆ ಬಿಡ್ತೀನಾ?’ ಎಂದು ಅವರು ಗೋಡೆಗೆ ಹೇಳಿದ್ದನ್ನು ಪಕ್ಕದ ಕೊಠಡಿಯವರು ಕೇಳಿಸಿಕೊಂಡಿರುತ್ತಾರೆ. ಸೆರಗು ಸಿಕ್ಕಿಸಿದರು. ಮುಂದಿನ ಅನಾಹುತ ಎಲ್ಲರಿಗೂ ತಿಳಿದಿದೆ.

ಆದ್ದರಿಂದ ಸಮಸ್ತ ಸಿಬ್ಬಂದಿ ಹಾಗೂ ಅತಿಥಿಗಳ ಕಡ್ಡಾಯ ಪಾಲನೆಗಾಗಿ ಈ ಕೆಳಗಿನಂತೆ ಆದೇಶಿಸಲಾಗಿದೆ:

೧. ‘ಇದು ನಿಮ್ಮದೇ ಮನೆ ಎಂದು ಭಾವಿಸಿ’ ಎಂಬ ಫಲಕವು ಓದುವುದಕ್ಕೆ ಮಾತ್ರ. ಭಾವಿಸುವವರು ಕುಳಿತಲ್ಲಿಯೇ ಭಾವಿಸತಕ್ಕದ್ದು. ಭಾವನೆಯು ಕೈಗೆ ಇಳಿದಲ್ಲಿ ಹೋಟೆಲ್ ಜವಾಬ್ದಾರಿಯಲ್ಲ.

೨. ಕೊಠಡಿ ಪ್ರವೇಶಕ್ಕೆ ಮುನ್ನ ತೆಂಗಿನ ನಾರು, ಅಡುಗೆ ಸೋಡಾ, ಹಳೆಯ ಹಲ್ಲುಜ್ಜುವ ಬ್ರಷ್ ಮುಂತಾದ ಅಪಾಯಕಾರಿ ವಸ್ತುಗಳನ್ನು ರಿಸೆಪ್ಶನ್‌ನಲ್ಲಿ ಒಪ್ಪಿಸತಕ್ಕದ್ದು. ಅತ್ತಿಗೆಯವರ ಚೀಲದಲ್ಲಿ ಪತಿಯವರ ಹಳೆಯ ಬನಿಯನ್ ಒಂದು ಇತ್ತು. ಅದು ಒರೆಸುವ ಬಟ್ಟೆಯೆಂದು ಅವರ ವಾದ. ಅದೇ ಸ್ಥಿತಿಯ ಇನ್ನೊಂದು ಬನಿಯನ್ ಪತಿಯವರ ಮೈಮೇಲಿದ್ದು, ಅದು ಬನಿಯನ್ನೇ ಎಂದು ಪತಿಯವರ ವಾದ. ಎರಡನ್ನೂ ಬೆಳಕಿಗೆ ಹಿಡಿದು ನೋಡಿದರೂ ವ್ಯತ್ಯಾಸ ಕಂಡುಬಂದಿರುವುದಿಲ್ಲ. ಅಂತಿಮ ತೀರ್ಮಾನವಾಗುವವರೆಗೆ ಸಂದೇಹದ ಲಾಭವನ್ನು ಪತಿಯವರಿಗೆ ನೀಡಲಾಗಿದೆ.

೩. ಕೊಠಡಿಯಲ್ಲಿನ ಕಲೆಗಳು ಹೋಟೆಲಿನ ಸ್ಥಿರಾಸ್ತಿಗಳಾಗಿರುತ್ತವೆ. ಒಲೆಯ ಹಿಂದಿನ ಎಣ್ಣೆಕಲೆಯ ಬಲಕ್ಕೆ ಕೈಯಿಟ್ಟರೆ ಮಹಡಿಯ ಮೇನ್ ಸ್ವಿಚ್ ಸಿಗುತ್ತದೆ ಎಂಬ ಲೆಕ್ಕದಲ್ಲಿ ಎಲೆಕ್ಟ್ರಿಷಿಯನ್ ಇಷ್ಟು ವರ್ಷ ಕೆಲಸ ಮಾಡಿರುತ್ತಾನೆ. ಈಗ ಅವನು ಗೋಡೆಯೆದುರು ಪಿಳಿಪಿಳಿ ಕಣ್ಣು ಬಿಡುತ್ತಾ ನಿಂತಿರುವುದರಿಂದ ಇಡೀ ಮಹಡಿಯಲ್ಲಿ ಬೆಳಕಿಲ್ಲ. ಬೆಳಕು ೩೦೪ರಲ್ಲಿ ಮಾತ್ರ ಇದೆ. ಅದು ಕಿಟಕಿಯದು.

೪. ಹಾಸಿಗೆಗೆ ಇನ್ನೊಂದು ಮಗ್ಗುಲು ಇದೆಯೆಂದು ಊಹಿಸಿ ಅತಿಥಿಗಳು ಅದನ್ನು ಮಗುಚತಕ್ಕದ್ದಲ್ಲ. ಮಂಚದಡಿ ದೊರೆತ ಒಂಟಿ ಕಾಲುಚೀಲಗಳನ್ನು ಅತ್ತಿಗೆಯವರು ಒಗೆದು, ಮಡಚಿ, ರಿಸೆಪ್ಶನ್ನಿಗೆ ಒಪ್ಪಿಸಿರುತ್ತಾರೆ. ಹಲ್ಲಿನ ಸೆಟ್ಟೊಂದು ಕೂಡ ದೊರೆತಿದ್ದು, ಅದರ ವಾರಸುದಾರರು ಸ್ಪಷ್ಟವಾಗಿ ಮಾತನಾಡಲು ಶಕ್ತರಾದ ಕೂಡಲೇ ವಿಭಾಗವನ್ನು ಸಂಪರ್ಕಿಸುವುದು.

೫. ಕಿಟಕಿ: ಎರಡನೇ ದಿನ ಅತ್ತಿಗೆಯವರು ಕುರ್ಚಿಯ ಹಿಂದಿನ ಕಂದು ಗೋಡೆಯನ್ನು ಉಜ್ಜುತ್ತಿದ್ದಾಗ ಗೋಡೆಯ ಆಚೆಯಿಂದ ಬಿಸಿಲು ಬಂದಿರುತ್ತದೆ. ಅಲ್ಲಿ ಕಿಟಕಿ ಇರುವ ವಿಷಯ ವಿಭಾಗಕ್ಕೂ ಆಗಲೇ ತಿಳಿದದ್ದು. ಫೋನಿನಲ್ಲಿ ತೋರಿಸಿದ ಚಿತ್ರವು ಸುಳ್ಳೆಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದ ವ್ಯವಸ್ಥಾಪಕರಿಗೆ ಇದರಿಂದ ತೀವ್ರ ಆಘಾತವಾಗಿದೆ. ದರದಲ್ಲಿ ಕಿಟಕಿ ಸೇರಿರುವುದಿಲ್ಲ. ಸುದ್ದಿ ಹಬ್ಬಿ ೩೦೨, ೩೦೩ ಹಾಗೂ ೩೦೫ರ ಅತಿಥಿಗಳು ಚಮಚಗಳಿಂದ ಗೋಡೆ ಕೆರೆಯಲು ತೊಡಗಿರುವುದರಿಂದ ಎಲ್ಲ ಚಮಚಗಳನ್ನು ಹಿಂಪಡೆಯಲಾಗಿದೆ. ೩೦೫ರವರಿಗೆ ಗೋಡೆಯ ಹಿಂದೆ ಇನ್ನೊಂದು ಗೋಡೆಯೇ ಸಿಕ್ಕಿದ್ದು, ಅವರ ಸಹಕಾರಕ್ಕೆ ವಿಭಾಗವು ಆಭಾರಿಯಾಗಿದೆ.

೬. ಪತಿಯಂದಿರ ಗಮನಕ್ಕೆ: ಊರು ನೋಡಿ ಬಂದ ಪತಿಯವರು ೩೦೪ರ ಬಾಗಿಲು ತೆರೆದು, ಒಳಗಿನ ಬೆಳಕನ್ನು ಕಂಡು, ತಪ್ಪು ಕೋಣೆ ಎಂದು ಕ್ಷಮೆ ಕೋರಿ ಬಾಗಿಲು ಮುಚ್ಚಿರುತ್ತಾರೆ. ಮೈದುನನು ಸಹ ಹಾಗೆಯೇ ಮಾಡಿರುತ್ತಾನೆ. ಬಳಿಕ ಪತಿಯವರು ಪಡಸಾಲೆಯಲ್ಲಿ ನಿಂತು ‘ಲೇ ಇವಳೇ’ ಎಂದು ಕೂಗಿದಾಗ ಮೂರು ಬೇರೆ ಬೇರೆ ಕೊಠಡಿಗಳಿಂದ ಮೂವರು ಮಹಿಳೆಯರು ಬಾಗಿಲು ತೆರೆದು ‘ಏನ್ರೀ’ ಎಂದಿರುತ್ತಾರೆ. ೩೦೪ ಮಾತ್ರ ತೆರೆದಿರುವುದಿಲ್ಲ. ಇನ್ನು ಮುಂದೆ ಪತ್ನಿಯರನ್ನು ಕರೆಯುವವರು ಕೊಠಡಿ ಸಂಖ್ಯೆಯನ್ನು ಸೇರಿಸಿಕೊಂಡು ಕರೆಯತಕ್ಕದ್ದು.

೭. ತೆರವು: ಮೂರನೇ ದಿನ ಚೆಕ್-ಔಟ್ ಹೊತ್ತಿಗೆ ಹೋದ ಉಪ ವ್ಯವಸ್ಥಾಪಕರು ಅತ್ತಿಗೆಯವರನ್ನು ಸದರಿ ಕುರ್ಚಿಯಲ್ಲಿ, ಕಿಟಕಿಯ ಪಕ್ಕ, ಕಾಲು ಮಡಚಿ ಕುಳಿತ ಸ್ಥಿತಿಯಲ್ಲಿ ಕಂಡಿರುತ್ತಾರೆ. ತೆರವುಗೊಳಿಸುವಂತೆ ಕೋರಲಾಗಿ ಅವರು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ಇಲ್ಲಿ ನಮೂದಿಸಲಾಗಿದೆ: ‘ಮೂರು ದಿನ ರಜಾ ಅಂತ ಕರ್ಕೊಂಡು ಬಂದ್ರು. ಅಷ್ಟೂ ದಿನ ನಿಮ್ಮ ಮನೆ ತೊಳ್ದಾಯ್ತು. ನನ್ನ ರಜಾ ಈಗ ಶುರು. ನೆಲ ಒದ್ದೆ ಇದೆ, ತುಳೀಬೇಡಿ, ಅಲ್ಲೇ ನಿಂತು ಮಾತಾಡಿ.’ ಉಪ ವ್ಯವಸ್ಥಾಪಕರು ಅಲ್ಲೇ ನಿಂತಿರುತ್ತಾರೆ.

೮. ಪತಿಯವರು ಬಸ್ಸು ಹೊರಡುತ್ತದೆ ಎಂದರು, ಮನೆಯಲ್ಲಿ ಗಿಡ ಒಣಗುತ್ತದೆ ಎಂದರು, ಕೊನೆಗೆ ತಾನೇನು ತಿನ್ನಬೇಕು ಎಂದರು. ಆ ವೇಳೆ ಅತ್ತಿಗೆಯವರು ಎದುರಿನ ಕಟ್ಟಡದ ಮಾಳಿಗೆಯಲ್ಲಿ ಯಾರೋ ಹೆಂಗಸು ಒಣಗಿದ ಬಟ್ಟೆ ತೆಗೆದು ಮಡಚುವುದನ್ನು, ಅದು ತನ್ನ ಕೆಲಸವಲ್ಲ ಎಂಬ ತುಂಬು ಸಂತೋಷದಿಂದ, ನೋಡುತ್ತಿದ್ದರೆಂದು ವರದಿಯಾಗಿದೆ. ಹೋಟೆಲಿನಲ್ಲಿ ಇಂಥ ಸಂತೋಷಕ್ಕೆ ಅವಕಾಶ ಕಲ್ಪಿಸಿರುವುದಿಲ್ಲ.

೯. ಯಥಾಸ್ಥಿತಿ ಮರುಸ್ಥಾಪನೆ: ಕೊಠಡಿಯನ್ನು ಮೊದಲಿನಂತೆ ಕೊಳೆ ಮಾಡಲು ವಿಶೇಷ ತಂಡವನ್ನು ರಚಿಸಲಾಗಿದೆ. ಪಡಸಾಲೆಯಲ್ಲಿ ಒಂದು ಮಧ್ಯಾಹ್ನ ಕೂತೆದ್ದಷ್ಟಕ್ಕೇ ಪತಿಯವರೂ ಮೈದುನನೂ ಅಲ್ಲಿ ಮಾಡಿರುವ ಗಲೀಜನ್ನು ಪರಿಶೀಲಿಸಿ, ಅವರಿಬ್ಬರನ್ನೂ ತಂಡದ ತಾಂತ್ರಿಕ ಸಲಹೆಗಾರರನ್ನಾಗಿ ನೇಮಿಸಲಾಗಿದೆ.

೧೦. ಅತ್ತಿಗೆಯವರನ್ನು ಕುರ್ಚಿಯಿಂದ ಎಬ್ಬಿಸಲು ಕೈಗೊಂಡ ಕ್ರಮಗಳು: ಪಡಸಾಲೆಯಲ್ಲಿ ಕುಕ್ಕರ್ ಕೂಗಿಸಲಾಯಿತು. ಕರೆಗಂಟೆ ಒತ್ತಲಾಯಿತು. ಪತಿಯವರಿಂದ ಕೆಮ್ಮಿಸಲಾಯಿತು. ಮೇಲಿನ ಯಾವುದೂ ಫಲ ನೀಡದ ಕಾರಣ, ಸಲಹೆಗಾರರ ಶಿಫಾರಸಿನಂತೆ, ೩೦೪ರ ಬಾಗಿಲ ಹೊರಗೆ ಒಲೆಯಿಟ್ಟು ಹಾಲನ್ನು ಬೇಕೆಂದೇ ಉಕ್ಕಿಸಲಾಯಿತು. ಇಷ್ಟು ವರ್ಷಗಳಲ್ಲಿ ಹಾಲು ಉಕ್ಕುವಾಗ ಅವಳು ಓಡಿಬರದೆ ಇದ್ದದ್ದೇ ಇಲ್ಲ ಎಂದು ಪತಿಯವರು ಖಚಿತಪಡಿಸಿದ್ದರು. ವಾಸನೆ ಒಳಗೆ ಹೋದಾಗ ಅತ್ತಿಗೆಯವರ ಬಲಗಾಲು ಕುರ್ಚಿಯಿಂದ ಇಳಿದು ನೆಲ ಮುಟ್ಟಿತು. ಹೊಸ್ತಿಲ ಬಳಿ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟರು. ಹಾಲು ಪೂರ್ತಿ ಉಕ್ಕಿ, ಒಲೆ ಆರಿ, ನೆಲದ ಮೇಲೆ ಹರಿಯಿತು. ಅತ್ತಿಗೆಯವರು ಕಾಲನ್ನು ಮತ್ತೆ ಮೇಲಕ್ಕೆ ತೆಗೆದುಕೊಂಡು, ಕಿಟಕಿಯ ಕಡೆ ತಿರುಗಿ ಕೂತರು.

೧೧. ಈ ಸುತ್ತೋಲೆಯು ಅತ್ತಿಗೆಯವರು ಕುರ್ಚಿಯಿಂದ ಎದ್ದ ಕ್ಷಣದಿಂದ ಜಾರಿಗೆ ಬರತಕ್ಕದ್ದು. ಇದನ್ನು ಹೊರಡಿಸುವ ಹೊತ್ತಿಗೆ ಅವರು ಎದ್ದಿರುವುದಿಲ್ಲ.

(ಸಹಿ)
ಉಪ ವ್ಯವಸ್ಥಾಪಕರು
ಅತಿಥಿ ನಿಯಂತ್ರಣ ಮತ್ತು ಕೊಠಡಿ ಯಥಾಸ್ಥಿತಿ ವಿಭಾಗ
(೩೦೪ರ ಹೊಸ್ತಿಲ ಹೊರಗೆ ನಿಂತು ಸಹಿ ಮಾಡಲಾಗಿದೆ, ನೆಲ ಇನ್ನೂ ಒಣಗಿಲ್ಲ)

ಪ್ರತಿಗಳು:
೧. ವ್ಯವಸ್ಥಾಪಕರಿಗೆ, ಆಘಾತದಿಂದ ಚೇತರಿಸಿಕೊಂಡ ನಂತರ ಓದಲು.
೨. ಶುಚಿತ್ವ ಸಿಬ್ಬಂದಿಗೆ, ಯಾವುದೇ ಕಾರಣಕ್ಕೂ ಸ್ಫೂರ್ತಿ ಪಡೆಯಬಾರದೆಂಬ ಸೂಚನೆಯೊಂದಿಗೆ.
೩. ಎಲೆಕ್ಟ್ರಿಷಿಯನ್‌ಗೆ, ಕತ್ತಲಲ್ಲಿ ಯಾರಾದರೂ ಓದಿ ಹೇಳುವುದು.
೪. ‘ಏನ್ರೀ’ ಎಂದು ಬಾಗಿಲು ತೆರೆದ ಮೂವರು ಮಹಿಳೆಯರಿಗೆ ಪ್ರತಿ ಕಳುಹಿಸಲು ಉದ್ದೇಶಿಸಲಾಗಿತ್ತು. ಮೂವರೂ ಸದ್ಯ ತಮ್ಮ ತಮ್ಮ ಕುರ್ಚಿಯೊಂದಿಗೆ ೩೦೪ರ ಒಳಗಿದ್ದಾರೆ.
೫. ಮೈದುನನಿಗೆ, ಮುಂದಿನ ಬಾರಿ ಬೇರೆ ಹೋಟೆಲ್ ಹುಡುಕುವಂತೆ ಕೋರಿ.
೬. ಪತಿಯವರಿಗೆ, ಮಾಹಿತಿಗಾಗಿ ಹಾಗೂ ಉಕ್ಕಿದ ಹಾಲನ್ನು ಒರೆಸುವ ಸಲುವಾಗಿ. ಕಲಂ ೨ರ ತೀರ್ಮಾನವಾಗಿದೆ. ಒರೆಸುವ ಬಟ್ಟೆ ಅವರ ಮೈಮೇಲೆಯೇ ಇದೆ.