ಉದ್ಭವಿಸುವುದಿಲ್ಲ

ವಿಧಾನಸಭೆಯಲ್ಲಿ ಪ್ರಶ್ನೆ ಕೇಳಿದ ಶಾಸಕರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಉತ್ತರ ಓದಿದ ಮಂತ್ರಿಗಳ ಮುಖ ಟಿವಿಯಲ್ಲಿ ಬರುತ್ತದೆ. ಆ ಉತ್ತರವನ್ನು ಕೂತು ಬರೆದುಕೊಟ್ಟ ಗುಮಾಸ್ತನಿಗೆ ಮೂಲವ್ಯಾಧಿ ಬರುತ್ತದೆ. ನಾನು ಈ ಮೂರನೆಯ ಪಂಗಡಕ್ಕೆ ಸೇರಿದವನು. ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ವಿಷಯ ನಿರ್ವಾಹಕನಾಗಿದ್ದು, ಹೋದ ವರ್ಷ ಹಾರ ಹಾಕಿಸಿಕೊಂಡು ಮನೆಗೆ ಬಂದಿದ್ದೇನೆ. ಯಾವ ಕಚೇರಿ ಎಂದು ಮಾತ್ರ ಕೇಳಬೇಡಿ. ಈಗಲೂ ಆ ಕಡೆ ಹೋದರೆ ಅಲ್ಲಿಯವರು ಕುರ್ಚಿ ಎಳೆದು ಕೂರಿಸುತ್ತಾರೆ. ಆ ಕುರ್ಚಿಯನ್ನು ಕಳೆದುಕೊಳ್ಳುವ ಮನಸ್ಸಿಲ್ಲ. ವಿಷಯ ನಿರ್ವಾಹಕ ಎಂದರೆ ವಿಷಯವನ್ನು ನಿರ್ವಹಿಸುವವನು ಎಂದು ನೀವು ತಿಳಿದಿದ್ದರೆ ಅದು ನಿಮ್ಮ ಒಳ್ಳೆಯತನ. ವಿಷಯ ತಲೆ ಎತ್ತದಂತೆ ಅದರ ಮೇಲೊಂದು ಕಡತ ಹೇರಿ ಕೂರುವುದು ನಮ್ಮ ಕೆಲಸವಾಗಿತ್ತು.

ಮೂವತ್ತು ವರ್ಷ ಒಂದೇ ಕೆಲಸ ಮಾಡಿದರೆ ಅದು ಕೈಗಷ್ಟೇ ಅಲ್ಲ, ನಾಲಿಗೆಗೂ ಹತ್ತಿಕೊಳ್ಳುತ್ತದೆ. ನನ್ನ ಹೆಂಡತಿ ಪಾರ್ವತಿ, "ರೀ, ಗ್ಯಾಸ್ ಬುಕ್ ಮಾಡಿದ್ರಾ?" ಎಂದರೆ ನಾನು "ಕ್ರಮ ಕೈಗೊಳ್ಳಲಾಗುತ್ತಿದೆ" ಎನ್ನುತ್ತಿದ್ದೆ. "ನಮ್ಮಕ್ಕನ ಮನೆ ಗೃಹಪ್ರವೇಶಕ್ಕೆ ಬರ್ತೀರೋ ಇಲ್ವೋ?" ಎಂದರೆ "ಪರಿಶೀಲನೆಯಲ್ಲಿದೆ." ಒಂದು ದಿನ ಊಟಕ್ಕೆ ಕೂತಿದ್ದಾಗ, "ಸಾರಿಗೆ ಉಪ್ಪು ಸರಿಯಾಗಿದ್ಯಾ?" ಎಂದಳು. ನನ್ನ ತಲೆ ಕಚೇರಿಯಲ್ಲೇ ಇತ್ತು. "ಗಮನಕ್ಕೆ ಬಂದಿಲ್ಲ" ಎಂದುಬಿಟ್ಟೆ. ಅವಳು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ನಡೆದಳು. "ಯಾಕೆ, ಎರಡನೇ ಸಲ ಬಡಿಸಲ್ವಾ?" ಎಂದು ಕೇಳಿದ್ದಕ್ಕೆ ಅಡುಗೆಮನೆಯಿಂದಲೇ ಉತ್ತರ ಬಂತು: "ಉದ್ಭವಿಸುವುದಿಲ್ಲ!" ನಗು ಬಂದರೂ ನಗಲಿಲ್ಲ. ಆ ಪದದ ಮೇಲೆ ಅವಳಿಗಿಂತ ನನಗೆ ಹೆಚ್ಚು ಮರ್ಯಾದೆ ಇತ್ತು.

ಯಾಕೆಂದು ಹೇಳುತ್ತೇನೆ. ಸದನಕ್ಕೆ ಹೋಗುವ ಉತ್ತರದ ಹಾಳೆಯಲ್ಲಿ ನಡುವೆ ಒಂದು ಗೆರೆ ಇರುತ್ತದೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಪ್ರಶ್ನೆಯನ್ನು ಅ, ಆ, ಇ ಎಂದು ತುಂಡು ಮಾಡಿರುತ್ತಾರೆ. 'ಅ' ಎಂದರೆ, ಇಂಥ ತೊಂದರೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? 'ಆ' ಎಂದರೆ, ಬಂದಿದ್ದಲ್ಲಿ ಏನು ಮಾಡಿದಿರಿ? ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಒಂದು 'ಅ'ಗೆ ಪ್ರಾಮಾಣಿಕವಾಗಿ "ಬಂದಿದೆ" ಎಂದು ಬರೆದುಬಿಟ್ಟಿದ್ದೆ. ಪಕ್ಕದ ಮೇಜಿನ ಹಿರಿಯ ಗುಮಾಸ್ತ ನಂಜುಂಡಯ್ಯನವರು ಅದನ್ನು ನೋಡಿ ಎದೆ ಹಿಡಿದುಕೊಂಡರು. "ಏನ್ಲಾ ಇದು? ಬಂದಿದೆ ಅಂದ್ಯೋ, ಕೆಟ್ಟೆ. ಎಷ್ಟ್ ಜನ, ಯಾವ ಊರು, ಯಾವ ವರ್ಷ, ಎಲ್ಲಾ ಅನುಬಂಧ ಕೊಡ್ಬೇಕು. ಮೊದ್ಲನೇದಕ್ಕೆ 'ಬಂದಿಲ್ಲ' ಅಂತ ಹಾಕ್ಬುಡು. ಮಿಕ್ಕಿದ್ದಕ್ಕೆಲ್ಲ 'ಉದ್ಭವಿಸುವುದಿಲ್ಲ'. ಮಧ್ಯಾಹ್ನ ಮನೇಗೋಗಿ ಬಿಸಿ ಮುದ್ದೆ ಉಣ್ಬೋದು ಕಣೋ." ಆವತ್ತಿನಿಂದ ನಾನು ಅವರ ಶಿಷ್ಯನಾದೆ. ನಮ್ಮ ಸೀಮೆಯಲ್ಲಿ ಗುಡ್ಡಕ್ಕೊಂದು ಉದ್ಭವ ಲಿಂಗ ಇದೆ, ಬೀದಿಗೊಂದು ಉದ್ಭವ ಗಣಪತಿ ಇದ್ದಾನೆ. ಉದ್ಭವಿಸದೆ ಇದ್ದದ್ದು ನನ್ನ ಮೇಜಿಗೆ ಬಂದ ಪ್ರಶ್ನೆಗಳು ಮಾತ್ರ. ವಿರೋಧ ಪಕ್ಷದವರ ಪ್ರಶ್ನೆಯಾದರಂತೂ ಉತ್ತರ ಇನ್ನೂ ಗಿಡ್ಡವಾಗುತ್ತಿತ್ತು. ನನ್ನ ಕಾಲದಲ್ಲಿ ಇವರು ಹೋಗಿ ಅವರು ಬಂದರು, ಅವರು ಹೋಗಿ ಇವರು ಬಂದರು. ಆ ಕಡೆ ಕೂತಾಗ ಕೇಳಿದ ಪ್ರಶ್ನೆಗೆ ಈ ಕಡೆ ಕೂತಾಗ ಅವರೇ ನನ್ನ ಉತ್ತರ ಓದಿದ್ದೂ ಉಂಟು. ನನಗೆ ಇಬ್ಬರ ಮೇಲೂ ದ್ವೇಷವಿರಲಿಲ್ಲ.

ನಿವೃತ್ತಿಗೆ ಒಂದು ವರ್ಷ ಇದ್ದಾಗ ಬಂದ ಪ್ರಶ್ನೆಯ ವಿಷಯ ಹೇಳಬೇಕು. ಹೇಳಲಿಕ್ಕೆಂದೇ ಇಷ್ಟು ಸುತ್ತಿ ಬಂದೆ, ನೇರವಾಗಿ ಹೇಳುವ ಧೈರ್ಯ ಇರಲಿಲ್ಲ. ಬೆಳಿಗ್ಗೆ ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ 'ಅತಿ ಜರೂರು, ಸಂಜೆಯೊಳಗೆ' ಎಂಬ ಒಕ್ಕಣೆಯೊಂದಿಗೆ ಬಂತು. ಕೇಳಿದವರು ವಿರೋಧ ಪಕ್ಷದ ಒಬ್ಬ ಸದಸ್ಯರು. ಅ) ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳಿಂದ ತುಮಕೂರು ನಗರಕ್ಕೆ ವಲಸೆ ಬಂದು, ಊರಿನ ವಸತಿ ಪಟ್ಟಿಯಲ್ಲೂ ನಗರದ ವಸತಿ ಪಟ್ಟಿಯಲ್ಲೂ ಹೆಸರಿಲ್ಲದೆ ಉಳಿದಿರುವ ಕುಟುಂಬಗಳಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ; ಆ) ಬಂದಿದ್ದಲ್ಲಿ, ಅಂಥವರಿಗೆ ಮನೆ ಮಂಜೂರು ಮಾಡಲು ಕೈಗೊಂಡ ಕ್ರಮಗಳೇನು; ಇ) ಈ ಕೆಲಸ ನೋಡುವ ಕಚೇರಿಗಳಲ್ಲಿ ಖಾಲಿ ಇರುವ ಹುದ್ದೆಗಳೆಷ್ಟು, ಯಾವಾಗ ನೇಮಕ ಮಾಡಲಾಗುವುದು? ಓದಿದಾಗ, ಯಾರೋ ತಿಳಿದವರು ಬರೆದುಕೊಟ್ಟಿದ್ದಾರೆ ಎನ್ನಿಸಿತು. ಮಾಮೂಲಿ ಪ್ರಶ್ನೆಗಳಲ್ಲಿ ಇಷ್ಟು ಸರಿಯಾಗಿ ಹುಣ್ಣಿನ ಮೇಲೇ ಬೆರಳಿಡುವುದಿಲ್ಲ.

ಮಾಹಿತಿ ಸಂಗ್ರಹಿಸಲು ಶುರು ಮಾಡಿದೆ. ಖಾಲಿ ಹುದ್ದೆಗಳ ಪಟ್ಟಿ ಇಡುವವರ ಹುದ್ದೆಯೇ ಖಾಲಿ ಇದ್ದದ್ದರಿಂದ 'ಇ'ಗೆ "ಪ್ರಸ್ತಾವನೆ ಪರಿಶೀಲನೆಯಲ್ಲಿದೆ" ಎಂದು ಹಾಕಿದೆ. ಗುಬ್ಬಿ ಕಚೇರಿಯಲ್ಲೂ ಆ ಜಾಗ ಖಾಲಿ ಇದ್ದು, ಅದರ ಪ್ರಭಾರವೂ ನನ್ನ ಮೇಲೇ ಇತ್ತು. ಹಾಗಾಗಿ ಮಾಹಿತಿ ಕೇಳಿ ತುಮಕೂರಿನ ನಾನು ಗುಬ್ಬಿಯ ನನಗೆ ಪತ್ರ ಬರೆಯಬೇಕಾಯಿತು. ಹಿಂದೊಮ್ಮೆ ಹೀಗೇ ಬರೆದು, ಗುಬ್ಬಿಯಿಂದ ಉತ್ತರ ಬಾರದ್ದಕ್ಕೆ ನನಗೆ ನಾನೇ ಖಾರವಾದ ನೆನಪೋಲೆ ಕಳಿಸಿ, ಸಂತೆಯ ದಿನ ತೆಂಗಿನಕಾಯಿ ಮೂಟೆಗಳ ನಡುವೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿ, ಅದನ್ನು ಓದಿ ಬೇಜಾರು ಮಾಡಿಕೊಂಡಿದ್ದೆ. ಈ ಸಲ ಅಷ್ಟು ಹೊತ್ತಿರಲಿಲ್ಲ. ಕೂತಲ್ಲೇ ಗುಬ್ಬಿಯ ಪರವಾಗಿ 'ಶೂನ್ಯ' ಎಂದು ಬರೆದುಕೊಂಡೆ. ಕುಣಿಗಲ್ಲಿಗೆ ಫೋನು ಮಾಡಿದೆ. "ವಲಸೆ ಹೋಗವ್ರೆ ಅಂದ್ರೆ ಊರಲ್ಲಿಲ್ಲ ಅಂತ ತಾನೇ ಸಾರ್? ಊರಲ್ಲಿ ಇಲ್ದೋರ್ನ ನಾವು ಹೆಂಗ್ ಎಣ್ಸದು? ಶೂನ್ಯ ಹಾಕೊಳಿ" ಎಂದರು. ನಗರದವರಿಗೆ ಮಾಡಿದೆ. "ಅವ್ರ ರೇಷನ್ ಕಾರ್ಡು ಕುಣಿಗಲ್ದು ಸಾರ್. ನಮ್ಮ ಲೆಕ್ಕದಲ್ಲಿ ಅವ್ರಿನ್ನೂ ಇಲ್ಲಿಗೆ ಬಂದೇ ಇಲ್ಲ" ಎಂದರು. ಅಂದರೆ, ಕಾಗದದ ಪ್ರಕಾರ ಕುಣಿಗಲ್ಲಿನಲ್ಲಿ ಬಸ್ಸು ಹತ್ತಿದವರು ತುಮಕೂರಿನಲ್ಲಿ ಇಳಿದೇ ಇರಲಿಲ್ಲ.

ಅಷ್ಟು ಹೊತ್ತಿಗೆ ಸಿದ್ದಗಂಗಮ್ಮ ಟೀ ತಂದಿಟ್ಟಳು. ಇವಳ ವಿಷಯ ಹೇಳದಿದ್ದರೆ ನನ್ನ ತಪ್ಪು ನಿಮಗೆ ಅರ್ಥವಾಗುವುದಿಲ್ಲ. ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಬೆಟ್ಟದ ಮಗ್ಗುಲಿನ ಒಂದು ಹಳ್ಳಿಯವಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ಕಟ್ಟಿಕೊಂಡು ತುಮಕೂರಿಗೆ ಬಂದು, ನಮ್ಮ ಕಚೇರಿಯಲ್ಲಿ ಕಸ ಗುಡಿಸುವ, ಟೀ ತರುವ, ಕಡತ ಹೊರುವ ಕೆಲಸಕ್ಕೆ 'ತಾತ್ಕಾಲಿಕವಾಗಿ' ಸೇರಿದ್ದಳು. ಮಗಳ ಮದುವೆಯಾಗಿ ಮೊಮ್ಮಕ್ಕಳಾದರೂ ಅವಳು ತಾತ್ಕಾಲಿಕವೇ. ಬಟವಾಡಿಯಲ್ಲಿ ಬಾಡಿಗೆಗೆ ಒಂದು ರೂಮು. ವರ್ಷ ಎರಡು ವರ್ಷಕ್ಕೆ ಮನೆಯವರು ಬಿಡು ಎನ್ನುತ್ತಿದ್ದರು. ಪ್ರತಿ ಸಲವೂ ಅವಳು ತನ್ನ ರುಬ್ಬುವ ಕಲ್ಲನ್ನು ಆಟೋದಲ್ಲಿ ಹೇರಿಕೊಂಡು, ಡ್ರೈವರಿನ ಬೈಗುಳ ತಿಂದುಕೊಂಡು, ಅದೇ ಬಟವಾಡಿಯ ಇನ್ನೊಂದು ಸಂದಿಗೆ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ಮೇಜಿನ ಪಕ್ಕ ನಿಂತು ಎಲ್ಲವನ್ನೂ ಹೇಳಿಕೊಂಡಿದ್ದಳು. "ಊರಾಗೆ ಮನೆ ಕೇಳುದ್ರೆ ನೀನು ಊರು ಬುಟ್ಟೋಗಿದೀಯ ಅಂತಾರೆ ಸಾ. ಇಲ್ಲಿ ಕೇಳುದ್ರೆ ನಿನ್ನ ಕಾರ್ಡು ಊರಿಂದು ಅಂತಾರೆ. ನಾನು ಎಲ್ಲಿವಳು ಅಂತ ನೀವಾದ್ರೂ ಒಸಿ ಬರ್ಕೊಡಿ." ನಾನು "ನೋಡೋಣ" ಎಂದಿದ್ದೆ. ಆ ಮಾತು ಮೇಜಿನ ಆ ಬದಿಯಲ್ಲಿ ನಡೆದದ್ದು. ಈ ಬದಿಯಲ್ಲಿ ಕೂತು ಪ್ರಶ್ನೆ ಓದಿದಾಗ ಅದು ನನಗೆ ನೆನಪಾಗಲಿಲ್ಲ ಎಂದರೆ ನೀವು ನಂಬುವುದಿಲ್ಲ. ನಾನೂ ಈಗ ನಂಬುವುದಿಲ್ಲ. ಅವಳು ತಂದ ಟೀ ಕುಡಿಯುತ್ತಾ 'ಅ'ಗೆ "ಬಂದಿರುವುದಿಲ್ಲ", 'ಆ'ಗೆ "ಉದ್ಭವಿಸುವುದಿಲ್ಲ" ಎಂದು ಬರೆದು ಕಳಿಸಿದೆ.

ಮಾರನೆಯ ದಿನ ಸಿದ್ದಗಂಗಮ್ಮ ತಲೆಗೆ ಹೂವು ಮುಡಿದು ಬಂದಿದ್ದಳು. "ಏನಮ್ಮ ವಿಶೇಷ?" ಎಂದೆ. ಹತ್ತಿರ ಬಂದು ಗುಟ್ಟಿನಲ್ಲಿ ಹೇಳಿದಳು: "ಆ ಎಮ್ಮೆಲ್ಲೆ ಕುಣಿಗಲ್‌ಗೆ ಬಂದಿದ್ರಲ್ಲ ಸಾ, ಅವತ್ತು ಅರ್ಜಿ ಕೊಟ್ಟು ಎಲ್ಲಾನೂ ಯೋಳ್ಕೊಂಡಿದ್ದೆ. ನನ್ ವಿಷ್ಯನ ಅಸೆಂಬ್ಲಿಲಿ ಕೇಳ್ತಾರಂತೆ! ಬೆಂಗ್ಳೂರಿಗೂ ಅರ್ಜಿ ಕಳಿಸವ್ರಂತೆ. ಇನ್ನು ಮನೆ ಆದಂಗೇ ಅಂದ್ರು ಸಾ." ಎಡಗಡೆಯ ಪ್ರಶ್ನೆಯನ್ನು ಬರೆಸಿದವಳು ಎದುರಿಗೆ ನಿಂತು ನಗುತ್ತಿದ್ದಳು. ಸದನದಲ್ಲಿ ಅದು ಬರಲು ಇನ್ನೂ ಎರಡು ದಿನ ಇತ್ತು.

ನೇರ ಸೂಪರಿಂಟೆಂಡೆಂಟ್ ಸಾಹೇಬರ ಹತ್ತಿರ ಹೋದೆ. "ಸಾರ್, ನಿನ್ನೆ ಕಳಿಸಿದ ಉತ್ತರ ಸ್ವಲ್ಪ ತಿದ್ದಬೇಕು. ಅಂಥ ಒಂದು ಕುಟುಂಬ ಇದೆ." ಅವರು ಕನ್ನಡಕದ ಮೇಲಿಂದ ನೋಡಿದರು. "ಒಂದಾ? ಒಂದು ಅಂತ ಬರೆದ್ರೆ ಸುಮ್ನೆ ಬಿಡ್ತಾರೇನ್ರೀ ಮಹಾಲಿಂಗಯ್ಯ? ಒಂದಿದ್ರೆ ನೂರಿದೆ, ಪಟ್ಟಿ ಕೊಡಿ ಅಂತಾರೆ. ಎರಡು ತಾಲ್ಲೂಕು ಸುತ್ತಿ ಸಂಜೆಯೊಳಗೆ ಪಟ್ಟಿ ಮಾಡ್ಕೊಂಡು ಬರ್ತೀರಾ? ಬರೋದಾದ್ರೆ ಹೇಳಿ, ಈಗ್ಲೇ ಬೆಂಗಳೂರಿಗೆ ಫೋನ್ ಮಾಡ್ತೀನಿ." ಫೋನಿನ ಮೇಲೆ ಕೈಯನ್ನೂ ಇಟ್ಟರು. ಅವರು ಕೆಟ್ಟವರಲ್ಲ; ಬರುತ್ತೇನೆ ಎಂದಿದ್ದರೆ ಮಾಡಿಯೇ ಬಿಡುತ್ತಿದ್ದರು. ಪಟ್ಟಿಯಾಗದಿದ್ದರೆ "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಎಂದಾದರೂ ಹಾಕಬಹುದಿತ್ತು, ಅಷ್ಟಕ್ಕೇ ಅವಳ ಬಾಗಿಲು ಅರ್ಧ ತೆರೆದಿರುತ್ತಿತ್ತು. ನನಗೆ ಅದು ಹೊಳೆಯಿತು ಕೂಡ. ಆದರೆ ನಿವೃತ್ತಿಗೆ ಒಂದು ವರ್ಷ, ಮಂಡಿನೋವು, ಎರಡು ತಾಲ್ಲೂಕಿನ ಬಿಸಿಲು, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. "ಹೋಗ್ಲಿ ಬಿಡಿ ಸಾರ್" ಎಂದು ಹಿಂದಕ್ಕೆ ಬಂದೆ. ಈಗ ಬೆಳಿಗ್ಗೆ ವಾಕಿಂಗಿಗೆಂದು ಅದೇ ಮಂಡಿಯನ್ನು ಎಳೆದುಕೊಂಡು ಬಟವಾಡಿಯವರೆಗೂ ಹೋಗಿ ಬರುತ್ತೇನೆ. ಆವತ್ತು ಯಾಕೆ ಹೋಗಲಿಲ್ಲ ಎಂದು ದಾರಿಯುದ್ದಕ್ಕೂ ಕೇಳಿಕೊಳ್ಳುತ್ತೇನೆ.

ಎರಡು ದಿನದ ನಂತರ, ಸದನದ ನೇರ ಪ್ರಸಾರವನ್ನು ಸಿದ್ದಗಂಗಮ್ಮ ಕಚೇರಿ ಜೀಪಿನ ಡ್ರೈವರಿನ ಮೊಬೈಲಿನಲ್ಲಿ ನೋಡಿದಳು. ಪೊರಕೆಯನ್ನು ಗೋಡೆಗೆ ಒರಗಿಸಿ, ಸೆರಗು ಸರಿಮಾಡಿಕೊಂಡು, ಆ ಮೊಬೈಲಿಗೆ ಮರ್ಯಾದೆ ಕೊಡುವವಳಂತೆ ನಿಂತೇ ನೋಡಿದಳು. ಸದಸ್ಯರು ಎದ್ದು ಪ್ರಶ್ನೆಯ ಸಂಖ್ಯೆ ಹೇಳಿದರು. ಮಂತ್ರಿಗಳು "ಉತ್ತರವನ್ನು ಒದಗಿಸಲಾಗಿದೆ" ಎಂದರು. ಸದಸ್ಯರು ಏನೋ ಕೂಗಿದರು, ಆ ಕಡೆಯಿಂದ ಇನ್ಯಾರೋ ಕೂಗಿದರು, ಮಂತ್ರಿಗಳು "ಜಿಲ್ಲೆಯಿಂದ ಸ್ಪಷ್ಟ ಮಾಹಿತಿ ಬಂದಿದೆ" ಎಂದು ನನ್ನ ಹಾಳೆಯನ್ನು ಎತ್ತಿ ತೋರಿಸಿದರು. ಮುಂದಿನ ಪ್ರಶ್ನೆ ರಸ್ತೆಯದ್ದು. ಇವಳಿಗೆ ಏನೂ ಗೊತ್ತಾಗಲಿಲ್ಲ. "ನಂದು ಕೇಳುದ್ರು ಅಲ್ವಾ ಸಾ? ಜೋರಾಗೇ ಕೇಳುದ್ರು" ಎಂದು ಖುಷಿಯಿಂದ ಪೊರಕೆ ಹಿಡಿದುಕೊಂಡಳು.

ಒಂದೂವರೆ ತಿಂಗಳಾದ ಮೇಲೆ ಬೆಂಗಳೂರಿನಿಂದ ಅವಳ ಹೆಸರಿಗೆ ಲಕೋಟೆ ಬಂತು, ಕಚೇರಿಯ ವಿಳಾಸಕ್ಕೇ. ಅವಳಿಗೆ ಓದು ಬಾರದು. ಸೀರೆಯ ಸೆರಗಿನಲ್ಲಿ ಕೈ ಒರೆಸಿಕೊಂಡು ಅದನ್ನು ತಂದು ನನ್ನ ಮೇಜಿನ ಮೇಲಿಟ್ಟಳು. "ಓದಿ ಸಾ. ಮನೆದೇ ಇರ್ಬೇಕು." ಒಡೆದು ಓದಿದೆ. ಸದನದಲ್ಲಿ ಉತ್ತರಿಸಿರುವಂತೆ ಅಂತಹ ಯಾವುದೇ ಕುಟುಂಬಗಳಿರುವುದು ಗಮನಕ್ಕೆ ಬಂದಿರುವುದಿಲ್ಲವಾದ್ದರಿಂದ, ತಮ್ಮ ಮನವಿಯನ್ನು ಪರಿಗಣಿಸುವ ಪ್ರಶ್ನೆ ಉದ್ಭವಿಸುವುದಿಲ್ಲ ಎಂದಿತ್ತು. ನನ್ನವೇ ಎರಡು ಮಾತು, ಅಕ್ಷರವೂ ಬದಲಾಗದೆ, ಬೆಂಗಳೂರಿಗೆ ಹೋಗಿ ಮೊಹರು ಹಾಕಿಸಿಕೊಂಡು ಬಂದಿದ್ದವು. ಬೇರೆ ಏನಾದರೂ ಓದಿ ಹೇಳಿಬಿಡೋಣ ಎಂದೂ ಅನ್ನಿಸಿತು. ಆದರೆ ಸಂಜೆ ಮೊಮ್ಮಗಳ ಕೈಲಿ ಓದಿಸಿದರೆ? ಇದ್ದದ್ದನ್ನೇ ಓದಿದೆ.

"ಉದ್ಬವಿಸಲ್ಲ ಅಂದ್ರೇನ್ ಸಾ?"

"ಹುಟ್ಟಲ್ಲ ಅಂತ."

"ನಾನು ಉಟ್ಟಿ ಐವತ್ತೈದು ವರ್ಸ ಆಯ್ತಲ್ಲ" ಎಂದು ನಕ್ಕಳು. ಆಮೇಲೆ ನಗು ನಿಂತಿತು. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ತಿರುಗಿಸಿ, ಹಿಂದೆ ಏನಾದರೂ ಇದೆಯೇನೋ ಎಂದು ನೋಡಿದಳು. ಮತ್ತೆ ನಾಲ್ಕಾಗಿ ಮಡಿಸಿದಳು.

"ಇದ್ನ ಬರ್ದೋರು ಯಾರು ಸಾ?"

"ಬೆಂಗಳೂರಲ್ಲಿ ಯಾರೋ" ಎಂದೆ.

"ಅದ್ಕೇಯ. ನಮ್ಮನ್ನ ಕಣ್ಣಾರೆ ಕಂಡೋರು ಯಾರಾನ ಆಗಿದ್ರೆ ಇಂಗ್ ಬರೀತಿರ್ಲಿಲ್ಲ ಬುಡಿ" ಎಂದು ನನ್ನ ಖಾಲಿ ಲೋಟ ಎತ್ತಿಕೊಂಡು ಹೋದಳು.

ಕರಡು ಹಾಕದೆ, ಮೇಲಿನವರ ಸಹಿಗೆ ಕಾಯದೆ, ಕೇಳಿದ ತಕ್ಷಣ ಸಾರ್ವಜನಿಕರೊಬ್ಬರಿಗೆ ನಾನು ನನ್ನ ಸೇವಾವಧಿಯಲ್ಲಿ ಕೊಟ್ಟ ಉತ್ತರ ಅದೊಂದೇ. ಅದೂ ಸುಳ್ಳು.