ಮಾನ್ವಿಯ ಗೋಡೆಯ ಮೇಲೆ ಚೀನಾದ ಹಡಗು

ತಾಯಣ್ಣನ ಮನೆಯ ಪಡಸಾಲೆಯಲ್ಲಿ ಮೂರು ಮೊಳದಷ್ಟು ಗಿಲಾವು ಉದುರಿರದಿದ್ದರೆ ಮುಂದಿನ ಯಾವ ಅನಾಹುತವೂ ಆಗುತ್ತಿರಲಿಲ್ಲ. ಹೋದ ಮಳೆಗಾಲದಲ್ಲಿ ಮಣ್ಣಿನ ಗೋಡೆ ಹೊಟ್ಟೆ ಉಬ್ಬಿಸಿಕೊಂಡು ಗಿಲಾವನ್ನು ಕೆಳಗೆ ಹಾಕಿತ್ತು. ನಾಳೆ ಮನೆಗೆ ಪೊಲೀಸರು ಬರುತ್ತಾರೆಂದು ಗೊತ್ತಾದಾಗಿನಿಂದ ಅವನ ತಾಯಿ ಗೋಪಮ್ಮನಿಗೆ ಆ ಗೋಡೆಯದೇ ಚಿಂತೆ.

“ಪೊಲೀಸಪ್ಪ ಬಂದು ಈ ಗ್ವಾಡಿ ನೋಡಿದ್ರ ಏನಂತಾನೋ. ಏನರೆ ಹಚ್ಚಿ ಮುಚ್ಚೋ ಯಪ್ಪಾ” ಎಂದಳು.

ಮನೆಯಲ್ಲಿ ಅಷ್ಟು ಅಗಲದ್ದು ಒಂದೇ ಒಂದಿತ್ತು. ತಾಯಣ್ಣ ಟ್ರಂಕಿನ ತಳದಿಂದ ತಾನೇ ಬರೆದ ನಕ್ಷೆಯನ್ನು ತೆಗೆದು, ನಾಲ್ಕು ಮೊಳೆ ಹೊಡೆದು ತೂಗಿಸಿದ. ಅದು ಚೀನಾದ ಯುದ್ಧನೌಕೆಯ ನಕ್ಷೆ.

ತಾಯಣ್ಣನಿಗೆ ಚೀನಾದ ಮೇಲೆ ಪ್ರೀತಿಯೇನೂ ಇರಲಿಲ್ಲ. ಸಮುದ್ರವನ್ನಂತೂ ಅವನು ಕಂಡೇ ಇರಲಿಲ್ಲ; ಮಾನ್ವಿಯಲ್ಲಿ ಹುಟ್ಟಿದವನಿಗೆ ತುಂಗಭದ್ರೆಯ ಕಾಲುವೆಯೇ ದೊಡ್ಡ ನೀರು. ತಾಯಿ ಗದ್ದೆಗಳಲ್ಲಿ ನಾಟಿ ಮಾಡಿ ಮಗನನ್ನು ರಾಯಚೂರಿನಲ್ಲಿ ನಕ್ಷೆಗಾರಿಕೆ ಓದಿಸಿದ್ದಳು. ಅಂದಿನಿಂದ ಆರು ವರ್ಷ ಅವನು ಟ್ರೇಸರ್ ಕೆಲಸಕ್ಕೆ ಅರ್ಜಿ ಹಾಕುತ್ತಲೇ ಇದ್ದ. ಟ್ರೇಸರ್ ಎಂದರೆ ಇಂಜಿನಿಯರ್ ಬರೆದ ನಕ್ಷೆಯ ಮೇಲೆ ಗಂಜಿ ಹಾಕಿದ ತೆಳು ಬಟ್ಟೆ ಹಾಸಿ, ಗೆರೆಯ ಮೇಲೆ ಗೆರೆ ಕೂಡಿಸಿ ಮಸಿಯಲ್ಲಿ ನಕಲು ತೆಗೆಯುವವನು. ಅವನ ಕೈ ಒಂದು ಕೂದಲೆಳೆ ನಡುಗಿದರೂ ಕಾಲುವೆ ಪಕ್ಕದವನ ಹೊಲಕ್ಕೆ ನುಗ್ಗುತ್ತದೆ. ಕೈ ಪಳಗಲೆಂದು ತಾಯಣ್ಣ ರಾಯಚೂರಿನ ತೀನ್ ಕಂದೀಲ್ ವೃತ್ತದ ಹತ್ತಿರದ ರದ್ದಿ ಅಂಗಡಿಯಲ್ಲಿ ಸಿಕ್ಕ ಇಂಗ್ಲಿಷ್ ಪತ್ರಿಕೆಯ ನಡುಪುಟದ ಚಿತ್ರವನ್ನು ತಂದು, ನಾಲ್ಕು ಪಟ್ಟು ಹಿಗ್ಗಿಸಿ, ಎರಡು ತಿಂಗಳು ಕೂತು ಬಟ್ಟೆಯ ಮೇಲೆ ಇಳಿಸಿದ್ದ.

ನೂರ ಮೂವತ್ತೆರಡು ಮೀಟರ್ ಉದ್ದದ ಹಡಗು. ಮುಂದೊಂದು, ಹಿಂದೊಂದು ಜೋಡಿ ತೋಪು. ನಡುವೆ ಎರಡು ಹೊಗೆಗೊಳವೆ. ಪ್ರತಿಯೊಂದು ಹೊಗೆಗೊಳವೆಯ ಹಿಂದೆ, ಆಕಾಶದ ಕಡೆ ಓರೆಯಾಗಿ ಮುಖ ಮಾಡಿದ ಮೂರು ಮೂರು ಕ್ಷಿಪಣಿಯ ಪೆಟ್ಟಿಗೆ. ವಿಮಾನ ಉರುಳಿಸುವ ಸಣ್ಣ ತೋಪುಗಳು ಬೇರೆ, ನೀರಿನೊಳಗಿನ ಹಡಗಿನ ಮೇಲೆ ಸಿಡಿಗುಂಡು ಎಸೆಯುವ ಹನ್ನೆರಡು ಕೊಳವೆಯ ಯಂತ್ರ ಬೇರೆ. ಎಲ್ಲಕ್ಕೂ ಮೇಲೆ ರೇಡಾರಿನ ಜಾಲರಿ. ಅದರ ಒಂದೊಂದು ಕಣ್ಣನ್ನೂ ತಾಯಣ್ಣ ಉಸಿರು ಹಿಡಿದು ಬರೆದಿದ್ದ. ಎಲ್ಲಕ್ಕೂ ಬಾಣದ ಗುರುತು ಹಾಕಿ, ಅಚ್ಚು ಹಾಕಿದಂಥ ಕನ್ನಡ ಅಕ್ಷರಗಳಲ್ಲಿ ಹೆಸರು ಬರೆದು, ಕೆಳಗೆ ‘ಚೀನಾದ ನಿರ್ದೇಶಿತ ಕ್ಷಿಪಣಿ ವಿಧ್ವಂಸಕ ನೌಕೆ’ ಎಂದು ತಲೆಬರಹವನ್ನೂ ಕೊಟ್ಟಿದ್ದ. ಅಂಥ ನಕ್ಷೆ ಇಡೀ ಜಿಲ್ಲೆಯಲ್ಲಿ ಇನ್ನೊಂದಿರಲಿಕ್ಕಿಲ್ಲ.

ಅಂತೂ ಈ ವರ್ಷ, ಅಂದರೆ ಎಂಬತ್ಮೂರರ ಎಪ್ರಿಲ್‌ನಲ್ಲಿ, ದೇವದುರ್ಗದ ಕಾಲುವೆ ಕಚೇರಿಯ ಪಟ್ಟಿಯಲ್ಲಿ ಅವನ ಹೆಸರು ಬಂದಿತ್ತು. ಉಳಿದದ್ದು ಪೊಲೀಸರ ವರದಿಯೊಂದೇ. ಜುಲೈಗೆ ಅವನ ವಯಸ್ಸಿನ ಮಿತಿ ಮುಗಿಯುತ್ತಿತ್ತು. ಇದು ತಪ್ಪಿದರೆ ಸರಕಾರದ ಯಾವ ಬಾಗಿಲೂ ಅವನಿಗೆ ತೆರೆಯುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ಮೊದಲು ಬಂದವರು ಪೊಲೀಸರಲ್ಲ, ಎದುರು ಮನೆಯ ಹಂಪಯ್ಯ. ಅವರು ಮೂವತ್ತು ವರ್ಷ ಕೋರ್ಟಿನ ಬಾಗಿಲಲ್ಲಿ ನಿಂತು ವಾದಿ ಪ್ರತಿವಾದಿಗಳ ಹೆಸರು ಕೂಗಿ ನಿವೃತ್ತರಾದವರು. ಒಳಗಿನ ವಾದದಲ್ಲಿ ಅರ್ಧ ಮಾತ್ರ ಅವರ ಕಿವಿಗೆ ಬೀಳುತ್ತಿತ್ತು. ಆ ಅರ್ಧದಿಂದಲೇ ಅವರು ಓಣಿಗೆಲ್ಲ ಕಾನೂನು ಹೇಳುತ್ತಿದ್ದರು.

“ಏನಪಾ ಇದು?” ಎಂದರು ಗೋಡೆ ನೋಡಿ.

“ಹಡಗ್ರಿ.”

“ಯಾರ ಹಡಗು?”

“ಚೀನಾದ್ರಿ.”

ಹಂಪಯ್ಯ ಹೊಸ್ತಿಲಲ್ಲೇ ನಿಂತು, ಹೊರಗೆ ಎರಡೂ ಕಡೆ ನೋಡಿ, ಬಾಗಿಲು ಮುಂದೆ ಮಾಡಿಕೊಂಡರು. “ಅರವತ್ತೆರಡರಾಗ ನಮಗೂ ಯಾರಿಗೂ ಯುದ್ಧ ಆತು?”

“ಚೀನಾಕ್ಕ.”

“ಮತ್ತ ಅವನ ತೋಪು ಎಲ್ಲದ, ಕ್ಷಿಪಣಿ ಎಲ್ಲದ ಅಂತ ಬಾಣ ಹಾಕಿ ಗ್ವಾಡಿಗೆ ಹಚ್ಚೀಯಲ್ಲ. ಇವತ್ತ ಪೊಲೀಸ್ರು ಬರೋ ದಿನ.”

“ಅವರ ತೋಪು ಎಲ್ಲದ ಅಂತ ಗೊತ್ತಾದ್ರ ನಮ್ಮ ದೇಶಕ್ಕ ಛಲೋನ ಅಲ್ಲೇನ್ರಿ?”

“ಛಲೋನ. ಆದ್ರ ಅದು ಮಾನ್ವ್ಯಾಗ ಕುಂತವಗ ಹೆಂಗ ಗೊತ್ತಾತು ಅಂತ ಕೇಳ್ತಾರ.”

ಆರು ವರ್ಷದ ಅರ್ಜಿಗಳು, ತಾಯಿಯ ಬಗ್ಗಿದ ಬೆನ್ನು, ಎಲ್ಲ ತಾಯಣ್ಣನ ಕಣ್ಣ ಮುಂದೆ ಬಂದವು.

“ಸುಟ್ಟು ಬಿಡ್ಲೇನ್ರಿ?”

“ಸುಟ್ರ ಸಬೂತು ನಾಶ ಮಾಡಿದಂಗ. ಅದೊಂದು ಕೇಸು.”

“ಇಟ್ಕೊಂಡ್ರ?”

“ಅದು ಇನ್ನೊಂದು ಕೇಸು” ಎಂದು ಹಂಪಯ್ಯ ಸಮಾಧಾನವಾಗಿ ಹೇಳಿದರು. “ಹಡಗು ಇರಲಿ, ಹಡಗು ಅಂತ ಗೊತ್ತಾಗಬಾರದು. ಹಂಗ ಮಾಡು.”

ಟ್ರೇಸರ್‌ಗಳು ತಪ್ಪು ಗೆರೆಯನ್ನು ಅರ್ಧ ಬ್ಲೇಡಿನಿಂದ ಕೆರೆದು ತೆಗೆಯುತ್ತಾರೆ. ತಾಯಣ್ಣ ನಕ್ಷೆಯನ್ನು ಇಳಿಸಿ, ನೆಲಕ್ಕೆ ಹಾಸಿ, ಮೊಣಕಾಲೂರಿ ಕೂತು ಕೆರೆಯತೊಡಗಿದ. ತಲೆಬರಹ ಹೋಯಿತು, ಬಾಣಗಳು ಹೋದವು, ಬಾವುಟ ಹೋಯಿತು.

“ಸಮುದ್ರ ತಗಿ. ನೀರು ಇದ್ರ ಯಾರಿಗರೆ ಹಡಗು ಅಂತ ತಿಳೀತದ” ಎಂದರು ಹಂಪಯ್ಯ, ಮೇಲೆ ನಿಂತು.

ತಾಯಣ್ಣ ಸಮುದ್ರವನ್ನು ತೆಗೆದ.

“ಈ ಚೂಪು ಮೂತಿನೂ ಹಡಗಿನದs ಕಾಣ್ತದ.”

ಆ ಮೂತಿಯ ಬಾಗು ಬರೆಯಲು ಅವನಿಗೆ ನಾಲ್ಕು ದಿನ ಹಿಡಿದಿತ್ತು. ಕೆರೆಯುವಾಗ ತನ್ನ ಮೂಗನ್ನೇ ಕೆರೆದಷ್ಟು ನೋವಾಯಿತು. ಆದರೂ ಕೆರೆದು, ಅಲ್ಲೊಂದು ನೆಟ್ಟನೆಯ ಗೆರೆ ಎಳೆದು ಮುಗಿಸಿದ.

ಇಷ್ಟಾದರೂ ಅದನ್ನು ಮನೆಯಲ್ಲಿಡಲು ಧೈರ್ಯ ಸಾಲಲಿಲ್ಲ. ಪಕ್ಕದ ಮನೆಯಲ್ಲಿ ಹಸೀನಾ ಬೇಗಂ ಬಟ್ಟೆ ಹೊಲಿಯುತ್ತಿದ್ದಳು. ಬಟ್ಟೆಯ ನಡುವೆ ಬಟ್ಟೆ ಯಾರ ಕಣ್ಣಿಗೂ ಬೀಳದು ಎಂದುಕೊಂಡು ಅಲ್ಲಿಗೆ ಒಯ್ದ. ಅವಳು ನಕ್ಷೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದಳು.

“ಅರೆ, ಇದರ ಗಂಜಿ ತೊಳದ್ರ ಒಳಗ ಮಲ್ ಬಟ್ಟಿ ಅದ ಬೇಟಾ. ಎರಡು ಕೂಸಿನ ಅಂಗಿ ಆಗ್ತಾವ. ಒಂದು ಬಕೀಟು ನೀರು ಸಾಕು, ನಿನ್ನ ಫಿಕರ್ ಖತಂ.”

ತಾಯಣ್ಣ ಒಂದು ಕ್ಷಣ ಹೂಂ ಎನ್ನಲು ಬಾಯಿ ತೆರೆದ. ಆದರೆ ಜಾಲರಿಯ ಆ ಸಣ್ಣ ಸಣ್ಣ ಕಣ್ಣುಗಳು ಅವನನ್ನೇ ನೋಡುತ್ತಿದ್ದವು. “ತೊಳೀಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ಸಂಜಿ ತನಕ ಮುಚ್ಚಿಡ್ರಿ. ಮತ್ತ ಪೊಲೀಸ್ರು ಕೇಳಿದ್ರ ನಾನು ನಕ್ಷಿ ಗಿಕ್ಷಿ ಬರೀತೀನಿ ಅಂತ ಮಾತ್ರ ಹೇಳಬ್ಯಾಡ್ರಿ” ಎಂದ.

ಅದೇ ಮಾತನ್ನು ಓಣಿಯ ತುದಿಯ ಯಮನಮ್ಮನಿಗೂ ಹೇಳಿ ಬಂದ. ಯಮನಮ್ಮ ಹಣ್ಣುಹಣ್ಣು ಮುದುಕಿ, ತಾಯಣ್ಣನನ್ನು ಎತ್ತಿ ಆಡಿಸಿದವಳು. “ನೀ ಏನೂ ಬರಿಯಂಗಿಲ್ಲ. ಅಷ್ಟ ಹೌದಿಲ್ಲೋ? ನನಗ ಬಿಡು” ಎಂದು ಭರವಸೆ ಕೊಟ್ಟಳು.

ಮನೆಗೆ ಬಂದರೆ ಹಂಪಯ್ಯ ಬಾವಿಕಟ್ಟೆಯ ಕಡೆಯಿಂದ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದರು.

“ನಿನ್ನ ಕಂಪಾಸು, ಲೇಖಣಿಕಿ, ಮಸಿ ಬಾಟಲಿ ಎಲ್ಲಾ ಬಾವ್ಯಾಗ ಹಾಕೀನಿ. ಹತ್ಯಾರs ಇಲ್ಲಂದ ಮ್ಯಾಲ ಕೇಸು ಹೆಂಗ ನಿಲ್ತದ?”

ತಾಯಣ್ಣನಿಗೆ ಅಳು ಬಂತು. ಅಳಲು ಪುರಸೊತ್ತಿರಲಿಲ್ಲ, ಏಕೆಂದರೆ ಹಸೀನಾ ಬೇಗಂ ಮನೆಯ ಮುಂದೆ ಹೆಂಗಸರ ಗುಂಪು ಕೂಡಿತ್ತು. ಆಕೆ ನಕ್ಷೆಯನ್ನು ಮುಚ್ಚಿಟ್ಟದ್ದೇನೋ ನಿಜ: ಹೊಲಿಗೆ ಯಂತ್ರದ ಕೆಳಗೆ ಹಾಸಿ, ಮೇಲೆ ಯಂತ್ರವನ್ನಿಟ್ಟಿದ್ದಳು. ಆದರೆ ಯಂತ್ರ ಬಾಗಿಲಲ್ಲಿತ್ತು, ನಕ್ಷೆ ಉದ್ದವಾಗಿತ್ತು. ತೋಪು, ಕ್ಷಿಪಣಿ ಸಮೇತ ಅರ್ಧ ಹಡಗು ರಸ್ತೆಗೆ ಜೋತು ಬಿದ್ದಿತ್ತು. ಕುಪ್ಪಸ ಹೊಲಿಸಲು ಬಂದವಳೊಬ್ಬಳು, “ಈ ಕಸೂತಿ ಹೊಸಾದೇನು? ನನ್ನ ತೋಳಿಗೆ ಇದs ಹಾಕು” ಎಂದು ಕ್ಷಿಪಣಿಗಳ ಮೇಲೆ ಬೆರಳಿಟ್ಟು ಹಟ ಹಿಡಿದಿದ್ದಳು.

ತಾಯಣ್ಣ ಓಡಿ ಹೋಗಿ ನಕ್ಷೆಯನ್ನು ಎಳೆದುಕೊಂಡ. ತಿರುಗಿ ನೋಡುವಷ್ಟರಲ್ಲಿ ಓಣಿಯ ತಿರುವಿನಲ್ಲಿ ಖಾಕಿ ಟೊಪ್ಪಿಗೆ, ಸೈಕಲ್ಲು ಕಾಣಿಸಿದವು. ಒಳಗೆ ಸೇರಿದವನಿಗೆ ಎಲ್ಲಿಡಬೇಕೆಂದು ತೋಚಲಿಲ್ಲ. ಅಂಗಿ ಎತ್ತಿ, ಹೊಟ್ಟೆಗೆ ಎರಡು ಸುತ್ತು ಸುತ್ತಿ, ಮೇಲೆ ಗುಂಡಿ ಹಾಕಿಕೊಂಡ.

ಪೇದೆಯ ಹೆಸರು ಮಾಳಿಂಗಪ್ಪ. ವಯಸ್ಸಾದ, ಸಮಾಧಾನದ ಮನುಷ್ಯ. ಬಂದವನೇ ನೀರು ಕೇಳಿ ಕುಡಿದು, ಕಂಬಳಿಯ ಮೇಲೆ ಕೂತು ಕಾಗದ ತೆರೆದ. ಉದುರಿದ ಗೋಡೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

“ಕುಂದ್ರಪಾ.”

ತಾಯಣ್ಣ ಕೂತ. ಹೊಟ್ಟೆಯಿಂದ ಒಣ ಎಲೆ ತುಳಿದಂಥ ಶಬ್ದ ಬಂತು.

“ಏನದು ಸಪ್ಪಳ?”

“ಹೊಟ್ಟಿ ಸರಿಯಿಲ್ರಿ.”

ಎಪ್ರಿಲ್‌ನ ಮಾನ್ವಿಯ ಬಿಸಿಲು. ಬೆವರು ಇಳಿದು ಗಂಜಿ ಕರಗಿ ಮೈಗೆ ಅಂಟತೊಡಗಿತು. ಉಸಿರಾಡಿದರೆ ಸಪ್ಪಳ, ಆಡದಿದ್ದರೆ ಜೀವ ಹೋಗುತ್ತಿತ್ತು. ಮಾಳಿಂಗಪ್ಪ ಊರು, ತಂದೆಯ ಹೆಸರು, ಜಗಳ, ಕುಡಿತ ಎಲ್ಲವನ್ನೂ ನಿಧಾನವಾಗಿ ಕೇಳಿ ಬರೆದುಕೊಂಡ. ಆಮೇಲೆ ನೆರೆಯವರನ್ನು ಕರೆಸಿದ. ಮೂವರೂ ಕರೆಯುವ ಮೊದಲೇ ಬಾಗಿಲಲ್ಲಿದ್ದರು.

“ಈ ಹುಡುಗ ಹೆಂಥವ?”

“ಬಂಗಾರದಂಥವ್ರಿ” ಎಂದಳು ಯಮನಮ್ಮ. “ನಕ್ಷಿ ಗಿಕ್ಷಿ ಒಂದೂ ಬರಿಯಂಗಿಲ್ಲ.”

ಮಾಳಿಂಗಪ್ಪ ತಲೆ ಎತ್ತಿದ. “ಬರಿಯಂಗಿಲ್ಲಾ?”

“ಅವಗ ಒಂದು ಗೆರಿ ಎಳಿಯಾಕ ಬರಂಗಿಲ್ರಿ. ಸಣ್ಣಾವಿದ್ದಾಗಿಂದ ನೋಡೀನಿ.”

“ಪೆನ್ಸಿಲ್ ಕಂಡ್ರ ಬುಖಾರ್ ಬರ್ತದ ಅವಗ” ಎಂದು ಹಸೀನಾ ಬೇಗಂ ಸೇರಿಸಿದಳು.

“ನಾನು ಕೋರ್ಟಿನ್ಯಾಗ ಪ್ರಮಾಣ ಮಾಡಿ ಹೇಳ್ತೀನ್ರಿ” ಎಂದರು ಹಂಪಯ್ಯ, ಎದೆ ಮುಂದೆ ಮಾಡಿ. “ಬೇಕಿದ್ರ ಮನಿ ಹುಡುಕ್ರಿ. ಒಂದು ಲೇಖಣಿಕಿ ಸಿಕ್ರ ಕೇಳ್ರಿ.”

ಮಾಳಿಂಗಪ್ಪ ಮೂವರ ಮಾತನ್ನೂ ಬರೆದುಕೊಂಡು, ಹೆಬ್ಬೆಟ್ಟು, ಸಹಿ ತೆಗೆದುಕೊಂಡ. ಆಮೇಲೆ ಕನ್ನಡಕ ತೆಗೆದು ತಾಯಣ್ಣನನ್ನು ದುಃಖದಿಂದ ನೋಡಿದ.

“ಮತ್ತ ನೀ ಅರ್ಜಿ ಹಾಕಿದ್ದು ನಕ್ಷಿ ಬರಿಯೋ ಕೆಲಸಕ್ಕಲ್ಲೇನಪಾ? ಸುಳ್ಳು ಸರ್ಟಿಫಿಕೇಟು ತಂದವರು ಭಾಳ ಮಂದಿ ಸಿಕ್ಕಾರ. ಕೆಲಸ ಬರ್ತದೋ ಇಲ್ಲೋ ಓಣಿ ಮಂದೀನ ಕೇಳ್ಕೊಂಡು ಬಾ ಅಂತ ನನಗ ಹುಕುಂ ಆಗ್ಯದ.”

ಗೋಪಮ್ಮ ಸೆರಗು ಬಾಯಿಗೆ ಹಿಡಿದಳು.

“ಬರ್ತದ್ರಿ, ನನಗ ಬರ್ತದ” ಎಂದ ತಾಯಣ್ಣ. ಅವನ ದನಿ ಅವನಿಗೇ ಬೇರೆಯವರದೆನಿಸಿತು.

“ಹಂಗಾರ ಒಂದು ಗೆರಿ ಎಳದು ತೋರ್ಸು” ಎಂದು ಮಾಳಿಂಗಪ್ಪ ತನ್ನ ಪೆನ್ನು ಕೊಟ್ಟ.

ತಾಯಣ್ಣ ಬಗ್ಗಿದ. ಹೊಟ್ಟೆಗೆ ಸುತ್ತಿದ ಹಡಗು ಪಕ್ಕೆಗೆ ಒತ್ತಿತು, ಕೈ ಗಡಗಡ ನಡುಗಿತು. ಕಾಗದದ ಮೇಲೆ ಎರೆಹುಳವೊಂದು ಹರಿದು ಹೋಯಿತು. ಮಾಳಿಂಗಪ್ಪ ಅದನ್ನು ನೋಡಿ ಪೆನ್ನು ಹಿಂದಕ್ಕೆ ತೆಗೆದುಕೊಂಡ.

ಈಗ ಉಳಿದದ್ದು ಎರಡೇ ದಾರಿ. ನಕ್ಷೆ ತೋರಿಸಿದರೆ ಜೈಲು, ತೋರಿಸದಿದ್ದರೆ ಕೆಲಸ ಹೋಯಿತು. ತಾಯಣ್ಣ ತಾಯಿಯ ಮುಖ ನೋಡಿದ. ಆಮೇಲೆ ಎದ್ದು ನಿಂತು, ಅಂಗಿಯ ಗುಂಡಿ ಬಿಚ್ಚಿ, ಎರಡು ಸುತ್ತು ಬಿಡಿಸಿ, ಬೆವರಿನಿಂದ ಮೆತ್ತಗಾದ ನಕ್ಷೆಯನ್ನು ಪೇದೆಯ ಮುಂದೆ ಹಾಸಿದ. ಹಂಪಯ್ಯ ಕಣ್ಣು ಮುಚ್ಚಿಕೊಂಡರು.

ಮಾಳಿಂಗಪ್ಪ ಕನ್ನಡಕ ಹಾಕಿಕೊಂಡು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಜಾಲರಿಯ ಹತ್ತಿರ ಬಗ್ಗಿ ನೋಡಿದ.

“ಇದು ಯಾವ ರೈಸ್ ಮಿಲ್ಲು?” ಎಂದ ಮಾಳಿಂಗಪ್ಪ.

ಹಂಪಯ್ಯ ಕಣ್ಣು ತೆರೆದರು. ತಾಯಣ್ಣನಿಗೆ ಹೋದ ಜೀವ ಬಂದಂತಾಯಿತು. ದೇವರೇ ಪೇದೆಯ ಬಾಯಲ್ಲಿ ಕೂತು ಮಾತಾಡಿದನೆಂದು ಅವನಿಗೆ ಅನಿಸಿತು.

“ಹೌದ್ರಿ, ರೈಸ್ ಮಿಲ್ಲs. ನಾನs ಬರದೀನಿ” ಎಂದ, ಗಟ್ಟಿಯಾಗಿ.

“ನಮ್ಮ ಸೋದರಮಾವಂದು ಸಿಂಧನೂರಾಗ ಮಿಲ್ಲದ. ನಾ ಅಲ್ಲೇ ಬೆಳದಾವ.” ಮಾಳಿಂಗಪ್ಪ ಬೆರಳಿಟ್ಟು ತೋರಿಸತೊಡಗಿದ. “ಇವು ಎರಡು ಚಿಮಣಿ. ಸರಿ. ಈ ನೆಲ್ಲು ಹಾಕೋ ಡಬ್ಬಿ ವಾರಿ ಯಾಕ ಇಟ್ಟೀ? ನೆಲ್ಲೆಲ್ಲಾ ಜಾರಿ ಹೊರಗ ಬೀಳ್ತದ. ಇದು ಜರಡಿ. ಮಾಳಿಗಿ ಮ್ಯಾಲ ಜರಡಿ ಯಾರಿಡ್ತಾರ? ಇವು ಹೊಟ್ಟು ಹಾರಿಸೋ ಕೊಳವಿ. ಮಂದಿ ಮಾರಿಗೆ ನೆಟ್ಟಗ ಹಿಡಿದೀಯಲ್ಲ. ಹೋಗ್ಲಿ ಬಿಡು. ಬಾಗಿಲ ಎಲ್ಲದ?”

ತಾಯಣ್ಣ ನಕ್ಷೆ ನೋಡಿದ. ಬಾಗಿಲಿರಲಿಲ್ಲ.

“ಚೀಲ ಒಳಗ ಹೆಂಗ ಹೋಗಬೇಕು? ಲಾರಿ ಎಲ್ಲಿ ನಿಂದರಬೇಕು? ಇಂಥ ಮಿಲ್ಲು ಕಟ್ಟಿದ್ರ ಮಾಲಕ ಉರ್ಲು ಹಾಕ್ಕೋತಾನ.”

ಇದು ಮಿಲ್ಲಲ್ಲ, ಇದರ ಒಂದು ಗೆರೆಯೂ ತಪ್ಪಿಲ್ಲ ಎಂಬ ಮಾತು ತಾಯಣ್ಣನ ಗಂಟಲವರೆಗೆ ಬಂತು. ಹಂಪಯ್ಯ ಅವನ ಕಾಲು ತುಳಿದರು. ತುಳಿಯಬೇಕಾಗಿಯೂ ಇರಲಿಲ್ಲ. ಚೀನಾದ ಇಂಜಿನಿಯರುಗಳ ಸಾಮರ್ಥ್ಯವನ್ನು ಮಾನ್ವಿಯ ಪೇದೆಗೆ ವಿವರಿಸುವ ಧೈರ್ಯ ಯಾರಿಗಿದೆ? ಚೀನೀಯರ ತಪ್ಪನ್ನೆಲ್ಲ ತನ್ನ ತಲೆಯ ಮೇಲೆ ಹೊತ್ತು ತಾಯಣ್ಣ ಸುಮ್ಮನೆ ನಿಂತ.

ಮಾಳಿಂಗಪ್ಪ ನಿಟ್ಟುಸಿರು ಬಿಟ್ಟು ಬರೆದು, ಬರೆದದ್ದನ್ನು ಓದಿ ಹೇಳಿದ: “ಅಭ್ಯರ್ಥಿಯು ಸಭ್ಯಸ್ಥ. ದೇಶವಿರೋಧಿ ಚಟುವಟಿಕೆ ಇಲ್ಲ. ನಕ್ಷೆ ಬರೆಯಲು ಬರುವುದಿಲ್ಲವೆಂದು ನೆರೆಹೊರೆಯವರು ತಿಳಿಸಿದ್ದು, ಖುದ್ದು ಪರಿಶೀಲಿಸಲಾಗಿ ನಿಜವೆಂದು ಕಂಡುಬಂತು.” ಆಮೇಲೆ ಕಾಗದವನ್ನು ಮುಂದೆ ಸರಿಸಿದ. “ಓದಿ ಹೇಳ್ಯಾರ ಅಂತ ಕೆಳಗ ಬರದು, ಹೆಸರು ಹಾಕು.”

ಇನ್ನು ಹೆದರಲು ಏನೂ ಉಳಿದಿರಲಿಲ್ಲವಾದ್ದರಿಂದ ತಾಯಣ್ಣನ ಕೈಯ ನಡುಕ ನಿಂತಿತ್ತು. ಹೊಟ್ಟೆಯ ಬಿಗಿತವೂ ಇರಲಿಲ್ಲ. ಅವನು ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಒಂದೇ ಅಳತೆಯಲ್ಲಿ, ಅಚ್ಚಿನ ಮೊಳೆ ಜೋಡಿಸಿದಂತೆ ಬರೆದುಕೊಟ್ಟ.

ಮಾಳಿಂಗಪ್ಪ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ. ಅವನ ಮುಖದಲ್ಲಿ ನಿಜವಾದ ಮರುಕವಿತ್ತು.

“ಎಷ್ಟು ಛಲೋ ಕೈ ಅದ ನಿಂದು” ಎಂದ, ಕಾಗದ ಮಡಚಿ ಚೀಲಕ್ಕೆ ಹಾಕುತ್ತ. “ಈ ಕೈಗೆ ಒಬ್ಬರರೆ ನಕ್ಷಿ ಬರಿಯೋದು ಕಲಿಸಬೇಕಿತ್ತು.”